ಪಿಕಪ್‌ನ ಸ್ಪಾರ್ಕ್ ಪ್ಲಗ್: ಮನೆಯ ಶೆಡ್ಡಿನಲ್ಲೇ ಬದಲಿಸುವುದೋ, ಪೇಟೆಗೆ ಒಯ್ಯುವುದೋ?

ಜನವರಿಯಲ್ಲಿ ನಮ್ಮ ಕೊಡಗಿನಲ್ಲಿ ಕಣದ ತುಂಬ ರೊಬಸ್ಟಾ ಕಾಫಿ ಹರಡಿಕೊಂಡಿರುತ್ತದೆ. ಕೊಯ್ಲಿನವರನ್ನು ಬೆಳಿಗ್ಗೆ ಕರೆತರಬೇಕು, ಸಂಜೆ ಬಿಟ್ಟು ಬರಬೇಕು, ನಡುವೆ ಒಣಗಿದ ಚೆರಿಯ ಮೂಟೆಗಳನ್ನು ಸಾಗಿಸಬೇಕು. ಅಂಥ ಹೊತ್ತಿನಲ್ಲೇ ಗಾಡಿ ಏರಿನಲ್ಲಿ ಮಿಸ್ಸಿಂಗ್ ಹೊಡೆಯಲು, ಅಂದರೆ ಕಿಡಿ ತಪ್ಪಿ ಮುಗ್ಗರಿಸಲು, ಶುರುಮಾಡುತ್ತದೆ. ನಮ್ಮ ಪೆಟ್ರೋಲ್ ಪಿಕಪ್ ಮೊದಲ ಸಲ ಹಾಗೆ ಮಾಡಿದಾಗ ಪೆಟ್ರೋಲನ್ನು ಕಿಡಿಯಿಂದ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬದಲಿಸಲು ನನ್ನೆದುರು ಮೂರು ದಾರಿಗಳಿದ್ದವು: ಕಂಪನಿಯ ಸರ್ವಿಸ್ ಸೆಂಟರ್, ಪೇಟೆಯ ಮೆಕ್ಯಾನಿಕ್, ಇಲ್ಲವೇ ನಾನೇ ಪಾನಾ ಹಿಡಿಯುವುದು. ಈಗ ಮೂರನ್ನೂ ಮಾಡಿ ನೋಡಿದ್ದೇನೆ. ಯಾವ ಗಾಡಿಗೆ, ಯಾವ ಊರಿನವರಿಗೆ ಯಾವುದು ಹೊಂದುತ್ತದೆ ಎಂದು ಬಿಡಿಸಿ ಹೇಳಬಹುದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಪಾನಾ ಹುಡುಕುವ ಮೊದಲು ನಿಮ್ಮ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಇದೆಯೇ ಎಂದು ಖಚಿತಮಾಡಿಕೊಳ್ಳಿ. ನಮ್ಮ ಕಡೆ ತೋಟಗಳಲ್ಲಿ ದುಡಿಯುವ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್. ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಅದುಮಿದಾಗ ಏಳುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಅದರಲ್ಲಿ ಹೀಟರ್ ಪ್ಲಗ್ ಎನ್ನುವುದು ಚಳಿಯಲ್ಲಿ ಸ್ಟಾರ್ಟ್ ಆಗಲು ನೆರವಾಗುವ ಬೇರೆಯೇ ವಸ್ತು. ಅದು ಸಪೂರ, ತುಕ್ಕು ಹಿಡಿದು ಕೂತಿದ್ದರೆ ಬಿಚ್ಚುವಾಗ ಹೆಡ್‌ನೊಳಗೇ (ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೇ) ಮುರಿಯಬಹುದು. ಅದನ್ನು ಮನೆಯಲ್ಲಿ ಮುಟ್ಟಬೇಡಿ ಎಂದೇ ನಾನು ಹೇಳುವುದು. ಈ ಬರಹ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಹಾಗಾಗಿ ನಾಲ್ಕು ಪ್ಲಗ್. ಟಾಟಾ ಏಸ್ ಗೋಲ್ಡ್ ಪೆಟ್ರೋಲ್‌ಗೆ ಎರಡು ಸಿಲಿಂಡರ್, ಎರಡೇ ಪ್ಲಗ್. ಹಳೆಯ ಪೆಟ್ರೋಲ್ ಜೀಪು ಇನ್ನೂ ಶೆಡ್ಡಿನಲ್ಲಿ ಉಳಿದಿರುವ ಮನೆಗಳಿಗೂ ಇಲ್ಲಿನ ಬಹುಪಾಲು ಮಾತು ಸಲ್ಲುತ್ತದೆ.

ಯಾರ ಕೈಗೆ ಕೊಡುವುದು

ಗಾಡಿ ವಾರಂಟಿಯಲ್ಲಿದ್ದರೆ ಹೆಚ್ಚು ಯೋಚನೆ ಬೇಡ, ಸರ್ವಿಸ್ ಸೆಂಟರಿಗೇ ಒಯ್ಯಿರಿ. ಸರಿಯಾದ ಪಾರ್ಟ್ ನಂಬರಿನ ಪ್ಲಗ್ ಸಿಗುತ್ತದೆ, ಬಿಲ್ಲು ಸಿಗುತ್ತದೆ, ನಾಳೆ ಎಂಜಿನ್‌ಗೆ ಏನಾದರೂ ಆದರೆ ಆ ಬಿಲ್ಲೇ ನಿಮ್ಮ ಪರವಾಗಿ ನಿಲ್ಲುತ್ತದೆ. ಇಲ್ಲಿ ತೊಡಕು ದೂರದ್ದು. ಭಾಗಮಂಡಲದಿಂದ ಮಡಿಕೇರಿಗೇ ಸುಮಾರು 40 ಕಿಲೋಮೀಟರ್. ಹೋಗಿ, ಸರತಿಯಲ್ಲಿ ಕೂತು, ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಕುಟ್ಟದವರದ್ದೂ ಇದೇ ಪಾಡು. ಕೊಯ್ಲಿನ ದಿನಗಳಲ್ಲಿ ಗಾಡಿ ಒಂದು ದಿನ ಇಲ್ಲದಿದ್ದರೆ ಆಗುವ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದನ್ನೇ.

ಪೇಟೆಯ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಗೌರವವಿದೆ. ಜೋರು ಮಳೆಯಲ್ಲಿ ರಸ್ತೆ ಬದಿ ಮಲಗಿ ಗೇರ್‌ಬಾಕ್ಸ್ ಇಳಿಸಿದವರನ್ನು ಕಂಡಿದ್ದೇನೆ. ಆದರೆ ಪ್ಲಗ್ ಬದಲಿಸುವುದು ಅವರಿಗೆ ಬಲು ಚಿಕ್ಕ ಕೆಲಸ, ಅವಸರ ಆಗುವುದು ಅಲ್ಲೇ. ನಮ್ಮ ಗಾಡಿಗೆ ಆದದ್ದು ಹೀಗೆ. ಬೆಟ್ಟ ಹತ್ತಿ ಬಂದು ಕೆಂಡದಂತೆ ಕಾದಿದ್ದ ಎಂಜಿನ್. ಬಂದ ಹತ್ತೇ ನಿಮಿಷಕ್ಕೆ ಪ್ಲಗ್ ಬಿಚ್ಚಿದರು, ಹೊಸದನ್ನು ನೇರ ರಾಟ್ಚೆಟ್‌ಗೆ ಸಿಕ್ಕಿಸಿ ತಿರುಗಿಸಿಯೇ ಬಿಟ್ಟರು. ಮೂರನೆಯದು ಅಡ್ಡಕ್ಕೆ ಕೂತಿತ್ತು. ಒಂದು ವಾರ ಓಡಿದ ಮೇಲೆ ಏರಿನಲ್ಲಿ ಟಪ್ ಟಪ್ ಎಂಬ ಸದ್ದು ಶುರುವಾಯಿತು, ಸೀಟಿನಡಿಯಿಂದ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಹೆಡ್‌ನ ಥ್ರೆಡ್ಡೇ (ಪ್ಲಗ್ ಕಚ್ಚಿ ಕೂರುವ ತಿರುಪಿನ ಗೆರೆಗಳೇ) ಕಿತ್ತುಹೋಗಿತ್ತು. ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ಡಿನ ಸುರುಳಿ ಕೂರಿಸಿ ಸರಿಮಾಡಿಸುವಷ್ಟರಲ್ಲಿ ಎರಡು ದಿನ ಹೋಯಿತು, ಮೂಟೆಗಳು ಕಣದಲ್ಲೇ ಉಳಿದವು.

ಆ ಎರಡು ದಿನಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು. ಪ್ಲಗ್ ಹಾಳಾದರೆ ಹೊಸದು ಸಿಗುತ್ತದೆ. ಹೆಡ್ ಅಲ್ಯೂಮಿನಿಯಂನದು, ಪ್ಲಗ್ ಉಕ್ಕಿನದು. ಇವೆರಡರ ಜಗಳದಲ್ಲಿ ಯಾವಾಗಲೂ ಸೋಲುವುದು ಹೆಡ್. ಆದ್ದರಿಂದ ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆಯನ್ನು ನಾನು ಬೇರೆ ಥರ ಕೇಳಿಕೊಳ್ಳುತ್ತೇನೆ: ಆ ಥ್ರೆಡ್ ಬಗ್ಗೆ ತಾಳ್ಮೆ ಇರುವುದು ಯಾರಿಗೆ? ಎಂಜಿನ್ ತಣಿಯಲಿ ಎಂದು ಕಾಯುವ, ಹೊಸ ಪ್ಲಗ್ಗನ್ನು ಬೆರಳಿನಲ್ಲೇ ತಿರುಗಿಸಿ ಕೂರಿಸುವ ಮೆಕ್ಯಾನಿಕ್ ನಿಮ್ಮ ಪೇಟೆಯಲ್ಲಿದ್ದರೆ ಅವರನ್ನು ಬಿಡಬೇಡಿ. ನನಗೀಗ ಅಂಥವರೊಬ್ಬರು ಸಿಕ್ಕಿದ್ದಾರೆ. ಮೊದಲ ಸಲ ಹೋದಾಗಲೇ, "ಅಣ್ಣಾ, ಗಾಡಿ ಇಲ್ಲೇ ಬಿಟ್ಟು ಸಂತೆ ಮುಗಿಸ್ಕೊಂಡು ಬನ್ನಿ, ಬಿಸೀಲಿ ನಾನು ಮುಟ್ಟಲ್ಲ" ಎಂದರು. ನನ್ನ ಕೈಮೀರಿದ್ದನ್ನೆಲ್ಲ ಅವರಿಗೇ ಕೊಡುತ್ತೇನೆ.

ಉಳಿದಂತೆ, ವಾರಂಟಿ ಮುಗಿದ, ಪ್ಲಗ್ ಕೈಗೆ ಎಟಕುವ ಗಾಡಿಯಾದರೆ ಮನೆಯಲ್ಲೇ ಮಾಡಿ ಎನ್ನುವುದು ನನ್ನ ಮತ. ಸೂಪರ್ ಕ್ಯಾರಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ, ಓಮ್ನಿ ಓಡಿಸಿದವರಿಗೆ ಪರಿಚಯದ ಜಾಗವೇ. ಉಳಿಯುವ ಕೂಲಿ ದೊಡ್ಡದಲ್ಲ. ನಿಜವಾದ ಲಾಭ ಬೇರೆ ಇದೆ: ಹಳೆಯ ಪ್ಲಗ್ಗಳನ್ನು ನೀವೇ ಕಣ್ಣಾರೆ ನೋಡುತ್ತೀರಿ. ಪಿಂಗಾಣಿಯ ತುದಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಎಂಜಿನ್ ಸುಖವಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಗಾಡಿ ಬರೀ ಹತ್ತಿರದ ಓಡಾಟದಲ್ಲೇ ಇದೆ. ಎಣ್ಣೆಯ ಪಸೆ ಇದ್ದರೆ ಆಯಿಲ್ ಒಳಗೆ ಇಳಿಯುತ್ತಿದೆ. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಕಾಯುತ್ತಿದೆ ಎಂದರ್ಥ, ಆಗ ತಡಮಾಡದೆ ತೋರಿಸಬೇಕು. ಪೇಟೆಯಲ್ಲಿ ಬದಲಿಸಿದರೆ ಈ ಹಳೆಯ ಪ್ಲಗ್ಗಳು ಡಬ್ಬಕ್ಕೆ ಬೀಳುತ್ತವೆ, ಯಾವ ಸಿಲಿಂಡರಿನದು ಯಾವುದು ಎಂದೂ ತಿಳಿಯುವುದಿಲ್ಲ.

ಯಾವ ಪ್ಲಗ್

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ: ಸಾದಾ ನಿಕ್ಕೆಲ್, ಪ್ಲಾಟಿನಂ, ಇರಿಡಿಯಂ. ಸಾದಾ ಪ್ಲಗ್ಗನ್ನು ಕೆಲವರು ತಾಮ್ರದ ಪ್ಲಗ್ ಎನ್ನುವುದುಂಟು. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಕಿಡಿ ಹಾರುವ ತುದಿ ನಿಕ್ಕೆಲ್ ಮಿಶ್ರಲೋಹದ್ದು. ಹಿರಿಯರು ಇಂದಿಗೂ ಎಲ್ಲವನ್ನೂ ಮೈಕೋ ಪ್ಲಗ್ ಎಂದೇ ಕರೆಯುತ್ತಾರೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಈಗ ಬಾಷ್ ಆಗಿದೆ, ಹಳೆಯ ಹೆಸರು ಮಾತ್ರ ಬಾಯಲ್ಲಿ ಉಳಿದಿದೆ.

ಈ ಮೂರರ ವ್ಯತ್ಯಾಸವೆಲ್ಲ ತುದಿ ಎಷ್ಟು ಬೇಗ ಸವೆಯುತ್ತದೆ ಎಂಬುದರಲ್ಲಿದೆ. ನಿಕ್ಕೆಲ್ ಸುಮಾರು 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪ್ಲಾಟಿನಂ 1,768ಕ್ಕೆ, ಇರಿಡಿಯಂ 2,440 ದಾಟಿದ ಮೇಲೆ. ಇರಿಡಿಯಂ ಅಷ್ಟು ಗಟ್ಟಿಯಾದ್ದರಿಂದ ಅದರ ತುದಿಯನ್ನು ಸೂಜಿಯಂತೆ ಸಪೂರ ಮಾಡಬಹುದು, ಸಪೂರ ತುದಿಯಿಂದ ಕಿಡಿ ಸಲೀಸಾಗಿ ಹಾರುತ್ತದೆ. ಬಾಳಿಕೆಯಲ್ಲಿ ನಿಕ್ಕೆಲ್ ಸ್ಥೂಲವಾಗಿ 20ರಿಂದ 40 ಸಾವಿರ ಕಿಲೋಮೀಟರ್, ಒಳ್ಳೆಯ ಇರಿಡಿಯಂ 80 ಸಾವಿರದಿಂದ ಒಂದು ಲಕ್ಷದವರೆಗೆ. ಪ್ಲಾಟಿನಂ ನಡುವೆ ನಿಲ್ಲುತ್ತದೆ. ಬೆಲೆಯಲ್ಲಿ ಇರಿಡಿಯಂ ನಿಕ್ಕೆಲ್‌ಗಿಂತ ಹಲವು ಪಟ್ಟು.

ಹಾಗಾದರೆ ಇರಿಡಿಯಂ ಹಾಕಿ ಮರೆತುಬಿಡಬಹುದಲ್ಲ ಎಂದು ಪಕ್ಕದ ತೋಟದ ಮಾವ ಕೇಳಿದ್ದರು. ಗಾಡಿಯ ಕೈಪಿಡಿಯಲ್ಲೇ ಇರಿಡಿಯಂ ಎಂದಿದ್ದರೆ ಅದನ್ನೇ ಹಾಕಬೇಕು, ಅಗ್ಗಕ್ಕೆಂದು ನಿಕ್ಕೆಲ್‌ಗೆ ಇಳಿಯಬಾರದು. ಕೈಪಿಡಿ ನಿಕ್ಕೆಲ್ ಎಂದಿದ್ದರೆ, ಕೊಡಗಿನ ತೋಟದ ಗಾಡಿಗೆ ನಾನು ನಿಕ್ಕೆಲ್ಲನ್ನೇ ಆರಿಸುತ್ತೇನೆ. ಇಲ್ಲಿ ಪ್ಲಗ್ಗನ್ನು ಮರೆಯುವುದೇ ಅಪಾಯ. ಮಳೆಗಾಲದ ನಾಲ್ಕು ತಿಂಗಳ ತೇವದಲ್ಲಿ ಪ್ಲಗ್ ಹೊರಮೈ ತುಕ್ಕು ಹಿಡಿಯುತ್ತದೆ. ಐದಾರು ವರ್ಷ ಬಿಚ್ಚದೆ ಬಿಟ್ಟ ಪ್ಲಗ್ ಹೆಡ್‌ಗೆ ಅಂಟಿಕೊಂಡು, ಬಿಚ್ಚುವ ದಿನ ಥ್ರೆಡ್ಡನ್ನೂ ಜೊತೆಗೆ ಎಳೆದುಕೊಂಡು ಬರಬಹುದು. ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದೇ ಆದರೆ ಒಂದು ಲಕ್ಷ ಕಿಲೋಮೀಟರ್ ಬಾಳಿಕೆಗೆ ಹಣ ಕೊಡುವುದರಲ್ಲಿ ಹುರುಳಿಲ್ಲ. ಪೇಟೆ ಪೇಟೆ ಸುತ್ತುವ, ತಿಂಗಳಿಗೆ ಸಾವಿರಾರು ಕಿಲೋಮೀಟರ್ ಓಡುವ ಬಾಡಿಗೆ ಗಾಡಿಯ ಲೆಕ್ಕ ಬೇರೆ. ಅದಕ್ಕೆ ಇರಿಡಿಯಂ ಕೊಟ್ಟ ಬೆಲೆಯನ್ನು ದುಡಿದು ಕೊಡುತ್ತದೆ. ಸಿಎನ್‌ಜಿಯಲ್ಲಿ ಓಡುವ ಗಾಡಿಗೂ ಹಾಗೆಯೇ: ಅನಿಲವನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಅಲ್ಲಿ ಕೈಪಿಡಿ ಹೇಳಿದ ಅವಧಿಯನ್ನು ಒಂದು ದಿನವೂ ಮುಂದೂಡಬೇಡಿ.

ಲೋಹಕ್ಕಿಂತ ದೊಡ್ಡ ತಪ್ಪು ಆಗುವುದು ಹೀಟ್ ರೇಂಜಿನಲ್ಲಿ. ಪ್ಲಗ್ ತನ್ನ ಕಾವನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬ ಅಳತೆ ಅದು. ತುದಿಗೆ ಸುಮಾರು 450 ಡಿಗ್ರಿಗಿಂತ ಹೆಚ್ಚು ಕಾವು ಬಂದರೆ ಮಾತ್ರ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ಡಿಗ್ರಿ ಮೀರಿತೋ, ಕಿಡಿ ಹಾರುವ ಮೊದಲೇ ಕೆಂಪಗೆ ಕಾದ ತುದಿಯಿಂದ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ಪೆಟ್ಟು. ತೋಟದ ಗಾಡಿ ಈ ಎರಡು ತುದಿಗಳನ್ನೂ ಮುಟ್ಟುತ್ತದೆ. ವಾರವಿಡೀ ಫಸ್ಟ್ ಗೇರಿನಲ್ಲಿ ಗೊಬ್ಬರ ಹೊತ್ತು ಕಾಫಿ ಸಾಲುಗಳ ನಡುವೆ ತೆವಳುವಾಗ ಪ್ಲಗ್ ಕಾಯುವುದೇ ಇಲ್ಲ, ಮಸಿ ಕಟ್ಟುತ್ತದೆ. ಅದೇ ಗಾಡಿ ಒಂದು ದಿನ ಲೋಡು ಹೊತ್ತು ಸಂಪಾಜೆ ಘಾಟಿ ಹತ್ತುತ್ತದೆ, 1,150 ಮೀಟರ್ ಎತ್ತರದ ಮಡಿಕೇರಿವರೆಗೆ ಬಿಡುವಿಲ್ಲದ ಏರು. ಮಸಿ ಕಟ್ಟುತ್ತದೆಂದು ಬಿಸಿ ಜಾತಿಯ, ಅಂದರೆ ಕಾವನ್ನು ನಿಧಾನ ದಾಟಿಸುವ ಪ್ಲಗ್ ಹಾಕಿಸಿಕೊಂಡವರು ಘಾಟಿಯಲ್ಲಿ ಬೆಲೆ ತೆರುತ್ತಾರೆ. ಕಂಪನಿ ಹೇಳಿದ ನಂಬರಿನಿಂದ ಆಚೀಚೆ ಹೋಗಬೇಡಿ. ಮಸಿಗೆ ಮದ್ದು ಬೇರೆ: ಏರ್ ಫಿಲ್ಟರ್ ನೋಡಿ, ಮತ್ತೆ ವಾರಕ್ಕೊಮ್ಮೆ ಗಾಡಿಯನ್ನು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ.

ಒಂದು ಎಚ್ಚರ ಅಂಗಡಿಯಲ್ಲಿ ಬೇಕು. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್ಗಳಲ್ಲಿ ಹೀಟ್ ರೇಂಜಿನ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್, ಚಾಂಪಿಯನ್‌ಗಳಲ್ಲಿ ಇದು ತಿರುವುಮುರುವು: ಅಂಕಿ ಹೆಚ್ಚಾದಷ್ಟೂ ಬಿಸಿ. ಒಂದು ಕಂಪನಿಯದು ಸ್ಟಾಕ್ ಇಲ್ಲವೆಂದು ಇನ್ನೊಂದನ್ನು ಅಂಕಿ ನೋಡಿ ಹೊಂದಿಸಿ ಕೊಡುವವರಿದ್ದಾರೆ. ಹಾಗೆ ತೆಗೆದುಕೊಳ್ಳಬೇಡಿ, ಎರಡು ದಿನ ಕಾದರೂ ನಿಮ್ಮ ಗಾಡಿಯ ಪಾರ್ಟ್ ನಂಬರನ್ನೇ ತರಿಸಿ. ನಕಲಿ ಪ್ಲಗ್ಗಳೂ ಇವೆ. ಡಬ್ಬಿಯ ಅಚ್ಚು ಮಸುಕಾಗಿದ್ದರೆ, ಥ್ರೆಡ್ ಒರಟಾಗಿದ್ದರೆ, ನಡುವಿನ ಕಡ್ಡಿ ಒಂದು ಬದಿಗೆ ವಾಲಿದ್ದರೆ ಹಿಂದಿರುಗಿಸಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹೊಸದಾದರೂ ಹಾಕಬಾರದು. ಪಿಂಗಾಣಿಯೊಳಗೆ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಲೋಡು ಬಿದ್ದಾಗ ಮಿಸ್ಸಿಂಗ್ ಹೊಡೆಯುತ್ತದೆ.

ಯಾವಾಗ, ಯಾವ ಸಾಮಾನಿನಿಂದ

ನಾನು ಎರಡು ಹೊತ್ತು ಇಟ್ಟುಕೊಂಡಿದ್ದೇನೆ. ಮೇ ತಿಂಗಳ ಕೊನೆಗೆ, ಮಳೆ ಕೂರುವ ಮೊದಲು ಒಮ್ಮೆ ಬಿಚ್ಚಿ ನೋಡುತ್ತೇನೆ. ಹುತ್ತರಿ ಕಳೆದು ಕೊಯ್ಲು ಬಿರುಸಾಗುವ ಮೊದಲು ಕಿಲೋಮೀಟರ್ ನೋಡಿ, ಬೇಕಿದ್ದರೆ ಬದಲಿಸುತ್ತೇನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಮಾಡಲೇಬೇಕಾದರೆ ಸೂರಿನಡಿ, ಒಣಬಟ್ಟೆ ಪಕ್ಕದಲ್ಲಿಟ್ಟುಕೊಂಡು.

ಸಾಮಾನು ಹೆಚ್ಚೇನಿಲ್ಲ. ಒಳಗೆ ರಬ್ಬರ್ ಅಥವಾ ಅಯಸ್ಕಾಂತವಿರುವ ಪ್ಲಗ್ ಸಾಕೆಟ್, ಹೆಚ್ಚಿನ ಗಾಡಿಗಳಿಗೆ 16 ಮಿಲಿಮೀಟರ್, ಕೆಲವು ಸಪೂರ ಪ್ಲಗ್ಗಳಿಗೆ 14, ಹಳೆಯ ಎಂಜಿನ್‌ಗಳಿಗೆ 21. ಉದ್ದನೆಯ ಎಕ್ಸ್‌ಟೆನ್ಶನ್, ರಾಟ್ಚೆಟ್, ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್‌ನ ಬೋಲ್ಟಿಗೆ 10ರ ಸಾಕೆಟ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಒಂದು ಅಡಿ ಉದ್ದದ ಪೆಟ್ರೋಲ್ ಹೋಸ್, ಸೈಕಲ್ ಪಂಪು. ದುಬಾರಿ ಎಂದರೆ ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಒಂದೇ. ನಾವು ಮೂರು ಮನೆಯವರು ಸೇರಿ ಒಂದನ್ನು ಕೊಂಡೆವು. ವರ್ಷಕ್ಕೆರಡು ಸಲ ಬೇಕಾಗುವ ಸಾಮಾನನ್ನು ಮನೆಗೊಂದು ಕೊಳ್ಳುವ ಅಗತ್ಯವಿಲ್ಲ.

ಬಿಚ್ಚುವಾಗ, ಕೂರಿಸುವಾಗ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಎತ್ತಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ. ಕಾಯಿಲ್‌ನ ಕನೆಕ್ಟರ್ ಕ್ಲಿಪ್ ಹಳೆಯದಾದಂತೆ ಪೆಡಸಾಗಿರುತ್ತದೆ, ಎಳೆಯಬೇಡಿ, ನಾಲಿಗೆಯನ್ನು ಒತ್ತಿ ಬಿಡಿಸಿ. ಬೋಲ್ಟ್ ತೆಗೆದು ಕಾಯಿಲನ್ನು ಸ್ವಲ್ಪ ತಿರುಗಿಸುತ್ತ ಮೇಲಕ್ಕೆತ್ತಿ. ಒಂದು ಸಿಲಿಂಡರ್ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಪ್ಲಗ್ ವೈರ್ ಇರುವ ಹಳೆಯ ಎಂಜಿನ್‌ನಲ್ಲಿ ನಾಲ್ಕನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಯದು ಎಂಬ ಗೋಜಲಾಗುತ್ತದೆ.

ಪ್ಲಗ್ ಇರುವ ಗುಂಡಿಯೊಳಗೆ ಟಾರ್ಚ್ ಹಾಕಿ ನೋಡಿ. ನಮ್ಮ ಕಡೆ ಅಲ್ಲಿ ಏನಾದರೊಂದು ಇದ್ದೇ ಇರುತ್ತದೆ: ಕೆಮ್ಮಣ್ಣಿನ ಧೂಳು, ಒಣಗಿದ ಎಲೆಚೂರು, ವಾಟರ್ ಸರ್ವಿಸ್ ಮಾಡಿಸಿದ ಮಾರನೆಯ ದಿನವಾದರೆ ನೀರು. ಮಳೆಗಾಲದ ಮಿಸ್ಸಿಂಗ್‌ಗೆ ಎಷ್ಟೋ ಸಲ ಈ ನೀರೇ ಕಾರಣ, ಪ್ಲಗ್ ಅಲ್ಲ. ಒಣಗಿಸಿದರೆ ಸರಿಹೋಗುತ್ತದೆ. ಸೈಕಲ್ ಪಂಪಿನಿಂದ ಊದಿ ಶುಚಿಮಾಡದೆ ಪ್ಲಗ್ ಬಿಚ್ಚಿದರೆ ಆ ಮರಳೆಲ್ಲ ಸಿಲಿಂಡರಿಗೆ ಬೀಳುತ್ತದೆ. ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ಮೇಲಿನ ಕವರ್‌ನ ಸೀಲ್ ಹೋಗಿದೆ, ಅದನ್ನು ಬದಲಿಸದೆ ಹೊಸ ಪ್ಲಗ್ ಹಾಕಿ ಪ್ರಯೋಜನವಿಲ್ಲ.

ಮೊದಲ ಕಾಲು ಸುತ್ತು ಬಿಗಿ ಇರುತ್ತದೆ, ಆಮೇಲೆ ಸಲೀಸಾಗಬೇಕು. ಸಲೀಸಾಗದೆ ಕಿರುಗುಟ್ಟುತ್ತ ಬಂದರೆ ಅಲ್ಲೇ ನಿಲ್ಲಿಸಿ. ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಹಾಕಿ ರಾತ್ರಿ ಬಿಡಿ, ಮಾರನೆ ದಿನ ಸ್ವಲ್ಪ ಬಿಗಿಮಾಡಿ, ಸ್ವಲ್ಪ ಸಡಿಲಿಸಿ, ಹಿಂದೆ ಮುಂದೆ ಆಡಿಸಿ ನೋಡಿ. ಆಗಲೂ ಬಾರದಿದ್ದರೆ ರಾಡಿಗೆ ಪೈಪ್ ಸಿಕ್ಕಿಸಿ ಬಲ ಹಾಕಲು ಹೋಗಬೇಡಿ. ಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಇನ್ನು ತಾಳ್ಮೆಯ ಮೆಕ್ಯಾನಿಕ್ ಬೇಕು.

ಹೊಸ ಪ್ಲಗ್‌ನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು ಅಳೆಯಿರಿ. ಸಾಮಾನ್ಯವಾಗಿ 0.8ರಿಂದ 1.1 ಮಿಲಿಮೀಟರ್ ಒಳಗಿರುತ್ತದೆ, ನಿಮ್ಮ ಎಂಜಿನ್‌ನದು ಕೈಪಿಡಿಯಲ್ಲಿದೆ. ನಿಕ್ಕೆಲ್ ಆದರೆ ಹೊರಗಿನ ಕೊಕ್ಕೆಯನ್ನು ಮಾತ್ರ ಮೆಲ್ಲನೆ ಬಗ್ಗಿಸಿ. ಇರಿಡಿಯಂನ ಸೂಜಿಗೆ ಗೇಜನ್ನು ಒತ್ತಬಾರದು, ತುದಿ ಮುರಿಯುತ್ತದೆ. ಹಳೆಯ ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕುವ ರೂಢಿಯೂ ಇದೆ. ಬ್ರಷ್ಷಿನ ಲೋಹ ಪಿಂಗಾಣಿಯ ಮೇಲೆ ಗೆರೆ ಬಿಟ್ಟರೆ ಕಿಡಿ ಆ ಗೆರೆ ಹಿಡಿದು ಅಡ್ಡದಾರಿ ಹೋಗುತ್ತದೆ. ದಾರಿಯಲ್ಲಿ ಕೈಕೊಟ್ಟಾಗ ನಿಕ್ಕೆಲ್ ಪ್ಲಗ್ಗಿಗೆ ಅಷ್ಟು ಮಾಡಿ ಮನೆ ಸೇರಬಹುದು, ಅದಕ್ಕಿಂತ ಹೆಚ್ಚು ನೆಚ್ಚಬೇಡಿ.

ಕೂರಿಸುವಾಗ ಪೆಟ್ರೋಲ್ ಹೋಸಿನ ತುಂಡಿಗೆ ಪ್ಲಗ್‌ನ ಬಾಲ ಸಿಕ್ಕಿಸಿ, ಹೋಸನ್ನು ಬೆರಳಲ್ಲಿ ತಿರುಗಿಸಿ. ಥ್ರೆಡ್ ಸರಿಯಾಗಿ ಹಿಡಿದರೆ ಪ್ಲಗ್ ತಾನಾಗಿ ಇಳಿಯುತ್ತದೆ, ಅಡ್ಡ ಕೂತರೆ ರಬ್ಬರು ಜಾರುತ್ತದೆ. ಹೆಡ್‌ಗೆ ಪೆಟ್ಟಾಗುವ ಮೊದಲೇ ಗೊತ್ತಾಗಿಬಿಡುತ್ತದೆ. ನನ್ನ ಗಾಡಿಯ ಮೂರನೆಯ ಸಿಲಿಂಡರಿಗೆ ಅಂದು ಇಷ್ಟೇ ಬೇಕಿತ್ತು. ಕೈಯಲ್ಲಿ ಪೂರ್ತಿ ಕೂತ ಮೇಲೆಯೇ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್‌ನಲ್ಲಿ 14 ಮಿಲಿಮೀಟರ್ ಥ್ರೆಡ್ಡಿನ, ವಾಷರ್ ಇರುವ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರಿನದಕ್ಕೆ 15ರಿಂದ 20. ರೆಂಚ್ ಇಲ್ಲದಿದ್ದರೆ 14ರ ಹೊಸ ಪ್ಲಗ್ಗನ್ನು ಕೈಬಿಗಿಯ ನಂತರ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು. ಬಿಚ್ಚಿ ನೋಡಿ ಹಳೆಯದನ್ನೇ ಮತ್ತೆ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು ಸಾಕು. ಥ್ರೆಡ್ಡಿಗೆ ಗ್ರೀಸ್ ಬೇಡ. ಜಾರಿಕೆಯಿಂದಾಗಿ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿ ಕೂತುಬಿಡುತ್ತದೆ.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯವರು ಒಂದು ಮಾತು ನೆನಪಿಡಬೇಕು. ಎಂಜಿನ್ ದೀಪ ಮಿನುಗುತ್ತಿದ್ದರೆ, ಕೊಯ್ಲು ಮುಗಿಯಲಿ ಎಂದು ಓಡಿಸುತ್ತಲೇ ಇರಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆಯನ್ನು ಶುಚಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕೆಡಿಸುತ್ತದೆ, ಆ ಭಾಗದ ಬೆಲೆಯಲ್ಲಿ ಎಷ್ಟೋ ವರ್ಷಗಳ ಪ್ಲಗ್ ಕೊಳ್ಳಬಹುದು. ಪ್ಲಗ್ ಬದಲಿಸಿದ ಮೇಲೂ ದೀಪ ಹೋಗದಿದ್ದರೆ ಕಾಯಿಲ್‌ಗಳನ್ನು ಅದಲುಬದಲು ಮಾಡಿ ನೋಡಿ. ಮಿಸ್ಸಿಂಗ್ ಕಾಯಿಲ್ ಹಿಂದೆಯೇ ಇನ್ನೊಂದು ಸಿಲಿಂಡರಿಗೆ ಹೋದರೆ ಕೆಟ್ಟಿರುವುದು ಕಾಯಿಲ್.

ಬಿಚ್ಚಿದ ನಾಲ್ಕು ಪ್ಲಗ್ಗಳನ್ನು ಮೊಟ್ಟೆಯ ಟ್ರೇಯಲ್ಲಿ ಸಿಲಿಂಡರಿನ ಸಾಲಿನಲ್ಲೇ ಇಟ್ಟು ಫೋಟೊ ತೆಗೆದುಕೊಳ್ಳಿ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ. ಅವುಗಳಲ್ಲಿ ಚೆನ್ನಾಗಿರುವ ಎರಡನ್ನು ಬಟ್ಟೆಯಲ್ಲಿ ಸುತ್ತಿ, ಸಾಕೆಟ್, ಹೋಸಿನ ತುಂಡಿನ ಜೊತೆ ಸೀಟಿನ ಹಿಂದೆ ಇಡಿ. ತಿತಿಮತಿ ದಾಟಿ ಆನೆಚೌಕೂರಿನ ಕಾಡುದಾರಿಯಲ್ಲಿ ಸಂಜೆ ಹೊತ್ತು ಗಾಡಿ ನಿಂತರೆ, ಆನೆ ದಾಟುವ ಜಾಗದಲ್ಲಿ ಮೆಕ್ಯಾನಿಕ್ ಬರುವವರೆಗೆ ಕಾಯಲು ಆಗುವುದಿಲ್ಲ. ಹಳೆಯದಾದರೂ ಆ ಎರಡು ಪ್ಲಗ್ ಹುಣಸೂರು ಮುಟ್ಟಿಸುತ್ತವೆ.